ಮಂಡಿಯಲ್ಲಿ ತೂಗಿದ ಹುಡುಗಿಯರು

ನಮ್ಮ ಹೈಸ್ಕೂಲಿನ ಹುಡುಗಿಯರ ಡೊಳ್ಳು ಕುಣಿತದ ತಂಡ ಸಾಗರದಲ್ಲಿ ಹೆಸರು ಮಾಡಿತ್ತು. ಕುಣಿತದ ಕೊನೆಗೆ ಒಂದು ಗೋಪುರ ಕಟ್ಟುತ್ತಿದ್ದೆವು. ನಡುವೆ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು, ಅವಳಿಗೆ ಆಸರೆಯಾಗಿ ಸುತ್ತಲೂ ಉಳಿದವರು, ಅವಳ ಹೆಗಲ ಮೇಲೆ ಇನ್ನೊಬ್ಬಳು. ಮೇಲಿನವಳು ಸೊಂಟಕ್ಕೆ ಕಟ್ಟಿದ ಡೊಳ್ಳು ಬಾರಿಸುತ್ತಾ ನಗಬೇಕು. ಚಪ್ಪಾಳೆ, ಫೋಟೋ, ತೀರ್ಪುಗಾರರ ತಲೆದೂಗುವಿಕೆ ಎಲ್ಲವೂ ಅವಳಿಗೆ. ಕೆಳಗಿನವಳು ತಲೆ ತಗ್ಗಿಸಿ ಹಲ್ಲು ಕಚ್ಚಿ ನಿಂತಿರುತ್ತಾಳೆ. ಮೇಲಿನವಳು ನಾನು. ಕೆಳಗಿನವಳು ನನ್ನ ಗೆಳತಿ, ನಮ್ಮ ಓಣಿಯವಳೇ, ನನಗಿಂತ ಒಂದು ಕ್ಲಾಸು ಮುಂದೆ.

ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಯಾರನ್ನೂ ಕೇಳದೆ ಉದ್ದವಾಗತೊಡಗಿದೆ. ನಮ್ಮ ಪಿ.ಟಿ. ಮೇಷ್ಟ್ರಿಗೆ ಇದು ಶಿಸ್ತಿನ ಉಲ್ಲಂಘನೆಯಂತೆ ಕಂಡಿತು. ನಲವತ್ತು ಕಿಲೋ ದಾಟಿದವಳು ಮೇಲೆ ಹತ್ತುವಂತಿಲ್ಲ ಎಂದು ಅವರು ಕಾನೂನು ಮಾಡಿದರು. ಈ ಕಾನೂನು ಅವರಿಗೆ ಎಲ್ಲಿಂದ ಸಿಕ್ಕಿತೋ ಯಾರಿಗೂ ಗೊತ್ತಿಲ್ಲ. ಶಾಲೆಯ ತೂಕದ ಯಂತ್ರ ತುಕ್ಕು ಹಿಡಿದು ಯಾರು ನಿಂತರೂ ಒಂದೇ ಅಂಕೆ ತೋರಿಸುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ಮೇಷ್ಟ್ರು ನಮ್ಮನ್ನು ಸಾಲಾಗಿ ಅವರ ಭಾವನ ಅಡಿಕೆ ಮಂಡಿಗೆ ನಡೆಸಿಕೊಂಡು ಹೋಗುತ್ತಿದ್ದರು. ಚೀಲಗಳನ್ನು ತೂಗಿ ಮುಗಿದ ಮೇಲೆ ನಮ್ಮ ಸರದಿ. ತೂಗುವವನು ಅಂಕೆ ನೋಡಿ ಕೂಗುತ್ತಿದ್ದ, ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಣ ಅಡಿಕೆಯ ಆ ಒಗರು ವಾಸನೆ ಇವತ್ತು ಮೂಗಿಗೆ ಬಡಿದರೂ ನಾನು ತಿಳಿಯದೆಯೇ ಹೊಟ್ಟೆ ಒಳಗೆಳೆದುಕೊಳ್ಳುತ್ತೇನೆ.

ನನಗೆ ಆ ಜಾಗ ಬೇಕಿತ್ತು. ಬೇರೆ ಯಾವುದರಲ್ಲೂ ನನ್ನನ್ನು ಯಾರೂ ಮುಂದೆ ಕರೆಯುತ್ತಿರಲಿಲ್ಲ. ಮೊದಲು ಕಡುಬು ಬಿಟ್ಟೆ, ಆಮೇಲೆ ರಾತ್ರಿಯ ಊಟ ಬಿಟ್ಟೆ. ಹೊಟ್ಟೆನೋವು ಎಂದು ಹೇಳಿದ್ದಕ್ಕೆ ಅಜ್ಜಿ ಓಮದ ಕಷಾಯ ಕುಡಿಸಿದಳು. ಅದರಿಂದ ಹಸಿವು ಇನ್ನೂ ಹೆಚ್ಚಾಯಿತು.

ದೇಹ ಸಾಲದೆಂದು ಮನಸ್ಸಿಗೂ ತರಬೇತಿ ಬಂತು. ತೀರ್ಥಹಳ್ಳಿಯಲ್ಲಿ ದೊಡ್ಡ ಸ್ಪರ್ಧೆಯಿತ್ತು. ಅದಕ್ಕೆಂದು ಶಿವಮೊಗ್ಗದಿಂದ ಮೈಂಡ್‌ಸೆಟ್ ಕೋಚ್ ಒಬ್ಬರು, ಕೊರಳಿಗೆ ತಾವೇ ಮೈಕು ಸಿಕ್ಕಿಸಿಕೊಂಡು ಬಂದರು. ನಾವಿದ್ದದ್ದು ಹನ್ನೆರಡು ಮಂದಿ, ಒಂದು ಸಣ್ಣ ಕೋಣೆಯಲ್ಲಿ. "ಕಣ್ಮುಚ್ಚಿ. ನೀವೆಲ್ಲ ಈಗ ಹತ್ತಿಯ ಅರಳೆ. ತೇಲ್ತಾ ಇದ್ದೀರಿ. ಹಸಿವು ಅನ್ನೋದು ಬರೀ ಒಂದು ಯೋಚನೆ" ಎಂದರು. ಹಿಂದೆ ಕೂತಿದ್ದವಳೊಬ್ಬಳು ತೇಲಿ ತೇಲಿ ಗೊರಕೆ ಹೊಡೆದಳು. ಕಣ್ಣು ಬಿಟ್ಟಾಗ ಕೋಚ್ ಎದುರಿನ ಹೆಡ್‌ಮೇಷ್ಟ್ರ ಕೋಣೆಯಲ್ಲಿ ಕೊಟ್ಟೆ ಕಡುಬಿನ ಮುಂದೆ ಕೂತಿದ್ದರು. ಅವರಿಗೆ ಆ ಯೋಚನೆ ಆಗಾಗ ಬರುತ್ತಿತ್ತೆಂದು ಕಾಣುತ್ತದೆ. ಹೊರಡುವಾಗ ನನ್ನೊಬ್ಬಳನ್ನೇ ಕರೆದು, ಗೋಪುರದ ಯಶಸ್ಸು ನನ್ನ ಮನಸ್ಸಿನಲ್ಲಿದೆ ಎಂದರು. ಕೆಳಗೆ ನಿಲ್ಲುವವಳನ್ನು ಏನೂ ಕೇಳಲಿಲ್ಲ. ಅವಳಿಗೆ ಮನಸ್ಸಿದೆ ಎಂಬುದು ತರಬೇತಿಯಲ್ಲಿ ಸೇರಿರಲಿಲ್ಲ.

ಸ್ಪರ್ಧೆಯ ಹಿಂದಿನ ಶನಿವಾರ ಮಂಡಿಯವನು "ಮೂವತ್ತೊಂಬತ್ತೂವರೆ" ಎಂದು ಕೂಗಿದ. ನಾನು ಅಲ್ಲೇ ಕಣ್ಣೀರು ಹಾಕಿದೆ. ಹತ್ತಿಯಾಗಿದ್ದು ಫಲ ಕೊಟ್ಟಿತೆಂದು ಮೇಷ್ಟ್ರು ಕೋಚ್‌ಗೆ ಫೋನು ಮಾಡಿದರು.

ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ವ್ಯಾನು ಹೊಸನಗರದಲ್ಲಿ ನಿಂತಿತು. ಬೋಂಡಾ ಮುಟ್ಟುವಂತಿಲ್ಲ ಎಂದು ಅಪ್ಪಣೆಯಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಮಿಣುಕಿಸುವ ತೂಕದ ಯಂತ್ರವೊಂದಿತ್ತು. ಬೋಂಡಾ ಮರೆಯಲೆಂದು ಅದರ ಮೇಲೆ ಹತ್ತಿದೆ. ನಲವತ್ತೂವರೆ. ಇಳಿದು ಮತ್ತೆ ಹತ್ತಿದೆ, ಅದೇ ಅಂಕೆ. ಯಂತ್ರ ಕೆಟ್ಟಿದೆ ಎಂದು ಮೇಷ್ಟ್ರು ಉಳಿದವರನ್ನೂ ಹತ್ತಿಸಿದರು. ಎಲ್ಲರೂ ಮಂಡಿಯ ಅಂಕೆಗಿಂತ ಸರಿಯಾಗಿ ಒಂದೊಂದು ಕಿಲೋ ಜಾಸ್ತಿ.

ಜೊತೆಗೆ ಬಂದಿದ್ದ ಅಪ್ಪ ಚಹಾ ಲೋಟ ಹಿಡಿದುಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಅವರು ವರ್ಷವರ್ಷವೂ ಅದೇ ಮಂಡಿಗೆ ಅಡಿಕೆ ಹಾಕುವವರು.

"ಮೇಷ್ಟ್ರೇ, ಮಂಡಿಯೋನು ಚೀಲದ ತೂಕ ಕಳ್ದು ಹೇಳಿದಾನೆ. ಅವ್ನಿಗೆ ಅದೇ ಅಭ್ಯಾಸ. ಯಾರು ನಿಂತ್ರೂ ಗೋಣಿಗೆ ಅಂತ ಒಂದು ಕಿಲೋ ತೆಗೀತಾನೆ."

ಇಡೀ ವರ್ಷ ನಾವು ಅಡಿಕೆಯ ಲೆಕ್ಕದಲ್ಲಿ ಹಗುರಾಗಿದ್ದೆವು. ಅಪ್ಪ ನಗುತ್ತಲೇ ಇದ್ದರು. ಮೇಷ್ಟ್ರು ನಗಲಿಲ್ಲ. ಐದನೇ ಕ್ಲಾಸಿನ ಪುಟ್ಟಿಯೊಬ್ಬಳನ್ನು ಮೇಲೆ ಹತ್ತಿಸುತ್ತೇನೆಂದು ಹೊರಟರು. ಅವಳು ಪಕ್ಕದ ಪ್ರೈಮರಿ ಶಾಲೆಯಿಂದ ತಾಳ ಹಿಡಿಯಲು ಬಂದವಳು, ಎತ್ತರ ಕಂಡರೆ ಅಳುತ್ತಿದ್ದಳು.

ನನ್ನ ಗೆಳತಿ ಬಾಯಿ ತೆಗೆದದ್ದು ಆಗಲೇ.

"ಅವ್ಳೇ ಹತ್ತಲಿ ಸಾರ್. ಮಳೆಗಾಲದಿಂದ ನನ್ ಹೆಗಲಿಗೆ ಗೊತ್ತಾಗ್ತಾ ಇದೆ, ಇವ್ಳು ಭಾರ ಆಗಿದಾಳೆ ಅಂತ. ಹೊರ್ತಾ ಇಲ್ವಾ ನಾನು?"

"ಮತ್ತೆ ಹೇಳ್ಲಿಲ್ಲ ಎಂತಕ್ಕೆ?" ಎಂದರು ಮೇಷ್ಟ್ರು.

"ನೀವು ಕೇಳ್ಲಿಲ್ವಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಭಾರ ಆದ್ರೆ ಎಂತ ತೊಂದ್ರೆ ಇಲ್ಲ ಮಾರಾಯ್ತಿ. ನಿನ್ ಕಾಲು ನಡುಗ್ತದಲ್ಲ, ಅದೇ ನಂಗೆ ಕಷ್ಟ. ನಡುಗೋರನ್ನ ಹೊರೋದು ಅಂದ್ರೆ ಎಷ್ಟು ನೋವಾಗ್ತದೆ ಗೊತ್ತಾ? ಹೋಗಿ ಬೋಂಡಾ ತಿನ್ನು" ಎಂದಳು.

ನಾನು ಮೂರು ಬೋಂಡಾ ತಿಂದೆ. ನಾಚಿಕೆಯೂ ಆಗುತ್ತಿತ್ತು, ರುಚಿಯೂ ಆಗುತ್ತಿತ್ತು.

ತೀರ್ಥಹಳ್ಳಿಯಲ್ಲಿ ನಾನೇ ಮೇಲೆ ಹತ್ತಿದೆ, ನಮಗೆ ಎರಡನೇ ಬಹುಮಾನ ಬಂತು. ಕೋಚ್ ತಮ್ಮ ಫೇಸ್‌ಬುಕ್ಕಿನಲ್ಲಿ ನನ್ನ ಫೋಟೋ ಹಾಕಿ ಮನಸ್ಸಿನ ಶಕ್ತಿಯ ಬಗ್ಗೆ ಬರೆದರು. ಫೋಟೋವನ್ನು ನನ್ನ ಪಾದದ ಹತ್ತಿರ ಕತ್ತರಿಸಿದ್ದರು. ನಾನು ನಿಜವಾಗಿಯೂ ತೇಲುತ್ತಿರುವಂತೆ ಕಾಣುತ್ತಿತ್ತು.

ಮರುವರ್ಷ ಗೆಳತಿ ಪಿಯುಸಿಗೆ ಹೋದಳು, ಕೆಳಗೆ ನಿಲ್ಲುವ ಪಾಳಿ ನನ್ನದಾಯಿತು. ಮೇಲೆ ಎಂಟನೇ ಕ್ಲಾಸಿನವಳು. ಮಂಡಿಯವನು ಅವಳ ತೂಕವನ್ನು ಕೂಗಿದ್ದ, ಮೇಷ್ಟ್ರು ಈ ಸಲ ನೆನಪಿಟ್ಟು ಅದಕ್ಕೆ ಒಂದು ಕಿಲೋ ಕೂಡಿಸಿದ್ದರು, ಲೆಕ್ಕ ಪಕ್ಕಾ ಆಗಿತ್ತು. ಮೊದಲ ದಿನದ ಅಭ್ಯಾಸದಲ್ಲಿ ಅವಳು ನನ್ನ ಹೆಗಲ ಮೇಲೆ ಎರಡೂ ಪಾದ ಊರಿದಳು. ಏನೂ ಭಾರವಿರಲಿಲ್ಲ. ಪಾದಗಳು ಮಾತ್ರ ನಡುಗುತ್ತಿದ್ದವು.

"ರಾತ್ರಿ ಊಟ ಮಾಡಿದ್ಯಾ?" ಎಂದು ಕೆಳಗಿನಿಂದಲೇ ಕೇಳಿದೆ.

"ಹೊಟ್ಟೆನೋವಿತ್ತು ಅಕ್ಕ" ಎಂದಳು.

"ಇಳಿ" ಎಂದೆ.