ಹೊಟ್ಟೆ ಸೀಳಿದ ಷ

ಕುವೈತಿನ ಸಾಲ್ಮಿಯಾದ ನಮ್ಮ ಬಾಡಿಗೆ ಮನೆಯ ಫ್ರೀಜರಿನಲ್ಲಿ, ಕೆಳಗಿನ ಡ್ರಾಯರಿನಲ್ಲಿ, ನನಗೆ ಹತ್ತು ವರ್ಷಕ್ಕೆ ಸಾಕಾಗುವಷ್ಟು ನಿಕೋಟಿನ್ ಇತ್ತು. ಇಲ್ಲಿ ವಾಸಕ್ಕೆ ಕೊಡುವ ಪರವಾನಗಿ, ನನ್ನ ಇಕಾಮಾ, ಇದ್ದದ್ದು ಒಂದು ವರ್ಷಕ್ಕೆ. ವರ್ಷ ವರ್ಷವೂ ಮುದ್ರೆ ಬಿದ್ದರೆ ಮಾತ್ರ ಇಲ್ಲಿ ಉಳಿಯಬಹುದಾದ ಮನುಷ್ಯ ಹತ್ತು ವರ್ಷದ ದಾಸ್ತಾನು ಮಾಡಿಡುವುದರಲ್ಲಿ ಏನು ತರ್ಕವಿದೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ತರ್ಕ ಇರಲಿಲ್ಲ. ಹೆದರಿಕೆ ಇತ್ತು.

ಹೆದರುವುದೇ ನನ್ನ ಕಸುಬು. ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಯಾರು ಎಲ್ಲಿಂದ ಬೀಳಬಹುದು, ಯಾವ ವೈರು ಎಲ್ಲಿ ಸುಡಬಹುದು, ಯಾವ ಡಬ್ಬದಲ್ಲಿ ಏನಿರಬಹುದು ಎಂದು ದಿನವಿಡೀ ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅಪಾಯ ಇರುವಲ್ಲೆಲ್ಲ ಅರಬಿ, ಇಂಗ್ಲಿಷ್, ಹಿಂದಿ, ಬಂಗಾಳಿ ಎಂದು ನಾಲ್ಕು ಭಾಷೆಗಳಲ್ಲಿ ಬೋರ್ಡು ಹಾಕಿಸುತ್ತೇನೆ. ಸಂಜೆ ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮುಂದುವರಿಸುತ್ತೇನೆ. ಗ್ಯಾಸಿನ ಗುಬುಟು ತಿರುಗಿಸಿ ಆರಿಸಿದ್ದೇನೆಯೇ ಎಂದು ನೋಡಲು ಲಿಫ್ಟಿನಿಂದ ಎರಡು ಸಲ ಹಿಂದೆ ಬರುತ್ತೇನೆ. ಮೂರನೆಯ ಸಲ ಬಂದರೆ ಹೆಂಡತಿ ಬಾಗಿಲು ತೆರೆಯುವುದಿಲ್ಲ.

ಸಿಗರೇಟು ಬಿಟ್ಟದ್ದೂ ಹೆದರಿಕೆಯಿಂದಲೇ. ಎದೆಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿಕೊಂಡರು, ಅಷ್ಟೇ ಸಾಕಾಯಿತು. ಅದರ ಜಾಗಕ್ಕೆ ವೇಪ್, ನಿಕೋಟಿನ್ ದ್ರವ ತುಂಬಿ ಎಳೆಯುವ ಬ್ಯಾಟರಿ ಸಿಗರೇಟು, ಬಂತು. ವೇಪ್ ಬಂದ ಮೇಲೆ ಅದು ನಿಂತು ಹೋಗುವ ಹೆದರಿಕೆ ಬಂತು. ಎರಡು ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಯಾರಾದರೂ ಹೇಳುತ್ತಿದ್ದರು, ಇನ್ನು ದ್ರವ ಸಿಗುವುದಿಲ್ಲ, ಅಂಗಡಿಗಳನ್ನೆಲ್ಲ ಮುಚ್ಚಿಸುತ್ತಾರೆ, ಖಲಾಸ್ ಎಂದು. ಪ್ರತಿ ಸಲವೂ ನಂಬಿದೆ. ಕೊನೆಗೆ ಒಂದು ಹಿಂದಿನ ಬೀದಿಯ ಅಂಗಡಿಯವನಿಂದ ಒಂದು ಲೀಟರು ತೀಕ್ಷ್ಣ ನಿಕೋಟಿನ್ ದ್ರವ ತರಿಸಿಕೊಂಡೆ. ನೀರಿನಷ್ಟೇ ತಿಳಿ, ವಾಸನೆ ಇಲ್ಲ. ಬೇಕಾದಾಗ ಚೂರು ತೆಗೆದು ಗ್ಲಿಸರಿನ್ ಬೆರೆಸಿ ತೆಳು ಮಾಡಿಕೊಳ್ಳಬೇಕು. ಹಾಗೇ ಚರ್ಮಕ್ಕೆ ತಗಲಿದರೆ ಒಳಗೆ ಇಳಿಯುತ್ತದೆ.

ಅದನ್ನು ವರ್ಷಗಟ್ಟಲೆ ಇಡುವುದು ಹೇಗೆ ಎಂದು ಇಂಟರ್ನೆಟ್ಟಿನಲ್ಲಿ ಓದಿದೆ. ನನ್ನಂಥವರೇ ಸೇರಿ ಬರೆದ ಪುಟಗಳು, ಓದುತ್ತಿದ್ದರೆ ಒಡಹುಟ್ಟಿದವರು ಸಿಕ್ಕಂತಾಗುತ್ತಿತ್ತು. ಗಾಳಿ, ಬೆಳಕು, ಬಿಸಿ ಈ ಮೂರು ಅದರ ಶತ್ರುಗಳು. ಮೂರೂ ಕುವೈತಿನಲ್ಲಿ ಧಾರಾಳ. ಕಂದು ಗಾಜಿನ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಬೇಕು, ಗಾಳಿಗೆ ಜಾಗ ಬಿಡಬಾರದು, ಮುಚ್ಚಳದ ಸುತ್ತ ಟೇಪು ಸುತ್ತಬೇಕು, ನೆಟ್ಟಗೆ ನಿಲ್ಲಿಸಿ ಫ್ರೀಜರಿನಲ್ಲಿಡಬೇಕು. ಹಳದಿಗೆ ತಿರುಗಿದರೆ ಕೆಡುತ್ತಿದೆ ಎಂದು ತಿಳಿಯಬೇಕು. ಒಂದು ಶುಕ್ರವಾರ ಬೆಳಿಗ್ಗೆ ಸೈಟಿನಿಂದ ತಂದ ಕನ್ನಡಕ, ಮಾಸ್ಕು, ಮೊಣಕೈವರೆಗಿನ ಗ್ಲೌಸು ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಹತ್ತು ಬಾಟಲಿ ತುಂಬಿದೆ. ಎದುರಿನ ಕಟ್ಟಡದ ಒಬ್ಬಾಕೆ ನನ್ನನ್ನು ನೋಡಿ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಒಳಗೆ ತೆಗೆದುಕೊಂಡಳು. ಉಳಿದ ಬಾಟಲಿ ನಾಲ್ಕಿದ್ದವು, ಅವಕ್ಕೆ ಗ್ಲಿಸರಿನ್ ತುಂಬಿದೆ. ಗ್ಲಿಸರಿನ್ನಿಗೆ ಫ್ರೀಜರ್ ಬೇಕಾಗಿರಲಿಲ್ಲ. ಒಟ್ಟಿಗೆ ಇದ್ದರೆ ಅಚ್ಚುಕಟ್ಟು ಅನಿಸಿತು.

ಆಮೇಲೆ ಲೇಬಲ್. ಹಸಿರು ಟೇಪಿನ ತುಂಡಿನ ಮೇಲೆ ಮಾರ್ಕರಿನಲ್ಲಿ ನಿಕೋಟಿನ್ನಿಗೆ ‘ವಿಷ’ ಎಂದೂ, ಗ್ಲಿಸರಿನ್ನಿಗೆ ‘ಸಿಹಿ’ ಎಂದೂ ಬರೆದೆ. ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಫ್ರಿಜ್ ರಿಪೇರಿಗೆ ಬಂದವನು ಓದಿಯಾನು, ಶುಕ್ರವಾರ ಊಟಕ್ಕೆ ಬಂದ ಆಫೀಸಿನವರು ಐಸ್ ತೆಗೆಯಲು ಹೋಗಿ ಓದಿಯಾರು, ಊಟ ಬಿಟ್ಟು ಎದ್ದಾರು. ಇಲ್ಲಿ ಕನ್ನಡ ಎಂದರೆ ನಮಗೆ ಗುಟ್ಟಿನ ಭಾಷೆ. ಲಿಫ್ಟಿನಲ್ಲಿ ಪಕ್ಕ ನಿಂತವರ ಅತ್ತರಿನ ಬಗ್ಗೆ ಮಾತಾಡುವುದು ಅದರಲ್ಲೇ. ಬಹಳ ಜಾಣತನ ಮಾಡಿದೆ ಅಂದುಕೊಂಡೆ.

ಹೆಂಡತಿ ಮೈಸೂರಿನವಳು, ಸಿಟಿಯ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ನಾನು ಉಡುಪಿ ಕಡೆಯವನು, ಮನೆಮಾತು ತುಳು. ಅವಳಿಗೆ ತುಳು ಬರದ ಕಾರಣ ಮನೆಯಲ್ಲಿ ಎರಡು ಬಗೆಯ ಕನ್ನಡ. ಡ್ರಾಯರ್ ಎಳೆದು ಲೇಬಲ್ ಓದಿದವಳು ನನ್ನ ಬಗ್ಗೆ ಮದುವೆಯ ಲಗ್ನಪತ್ರಿಕೆಯಲ್ಲೂ ಇಷ್ಟು ಸರಿಯಾಗಿ ಬರೆದಿರಲಿಲ್ಲ ಎಂದಳು. ಬೇರೆ ಜಾಗ ಇಲ್ಲವೇ ಎಂದೂ ಕೇಳಿದಳು. ಮೇಲಿನ ಡ್ರಾಯರಿನಲ್ಲಿ ಅವಳ ಹಿತಕಿದ ಅವರೆಬೇಳೆ ಇತ್ತು. ಪ್ರತಿ ಚಳಿಗಾಲ ಊರಿನಿಂದ ಬರುವ ಅದನ್ನು ಪೊಟ್ಟಣ ಕಟ್ಟಿ ವರ್ಷವಿಡೀ ಎಣಿಸಿ ಎಣಿಸಿ ಬಳಸುತ್ತಿದ್ದಳು. ಕೂಡಿಡುವ ರೋಗ ಇಬ್ಬರಿಗೂ ಇದ್ದುದರಿಂದ ಮಾತು ಅಲ್ಲಿಗೆ ನಿಂತಿತು.

ಮನೆಯಲ್ಲಿ ಕನ್ನಡ ಓದಲು ಬಾರದ ಒಬ್ಬಳೇ ಒಬ್ಬಳು ಮಗಳು. ಆಗ ಅವಳಿಗೆ ಹದಿಮೂರು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಈ ಬೇಸಿಗೆ ರಜೆಯಲ್ಲಿ ಅಕ್ಷರ ಕಲಿಸುತ್ತೇನೆ ಎಂದು ಪ್ರತಿ ಬೇಸಿಗೆ ಹೇಳುತ್ತಿದ್ದೆ. ಒಂದು ವರ್ಷ ಶುರುವೂ ಮಾಡಿದ್ದೆ. ಅ ಆ ಇ ಈ ದಾಟಿ ‘ಋ’ ಬಂದಾಗ ಇದು ಯಾವ ಮಾತಿಗೆ ಬೇಕು ಎಂದು ಕೇಳಿದಳು. ನನಗೆ ಋಷಿ ಬಿಟ್ಟು ಬೇರೆ ಹೊಳೆಯಲಿಲ್ಲ. ಸಾಲ್ಮಿಯಾದಲ್ಲಿ ಋಷಿ ಸಿಗುತ್ತಾರಾ ಎಂದಳು. ಪಾಠ ಅಲ್ಲಿಗೆ ನಿಂತಿತು.

ಡ್ರಾಯರಿನ ಬಗ್ಗೆ ಅವಳಿಗೆ ಎರಡು ಮಾತು ಹೇಳಿದ್ದೆ. ಒಂದು, ಅದು ನಾನು ಸಿಗರೇಟು ಬಿಟ್ಟದ್ದರ ಔಷಧಿ, ಮುಟ್ಟಬಾರದು. ಇನ್ನೊಂದು, ಅದು ಬೆಚ್ಚಗಾಗಬಾರದು, ಆದರೆ ಎಲ್ಲ ಹಾಳು. ಮೊದಲನೆಯದನ್ನು ಒಂದು ಸಲ ಹೇಳಿದ್ದೆ. ಎರಡನೆಯದನ್ನು ಫ್ರೀಜರಿನ ಬಾಗಿಲು ಯಾರಾದರೂ ಎರಡು ಕ್ಷಣ ಹೆಚ್ಚು ತೆರೆದಿಟ್ಟಾಗಲೆಲ್ಲ ಹೇಳುತ್ತಿದ್ದೆ.

ಹೋದ ಜುಲೈಯ ಒಂದು ಮಧ್ಯಾಹ್ನ. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸುವಂತಿಲ್ಲ, ಅದನ್ನು ನೋಡಿಕೊಳ್ಳುವುದು ನನ್ನ ಪಾಲಿನದು. ಎಲ್ಲರನ್ನೂ ನೆರಳಿಗೆ ಕಳಿಸಿ ಸೈಟಿನ ಎಸಿ ಕ್ಯಾಬಿನ್ನಿನಲ್ಲಿ ಕೂತು ವೇಪ್ ಎಳೆಯುತ್ತಿದ್ದೆ. ಅದರಲ್ಲಿದ್ದದ್ದು ಮಾವಿನ ಪರಿಮಳ. ಆಗ ಮನೆಯ ಫೋನಿನಿಂದ ಮಗಳ ಕರೆ ಬಂತು. ಅದು ಬಟನ್ ಒತ್ತುವ ಹಳೆಯ ಮೊಬೈಲು, ತುರ್ತಿಗೆಂದು ನಾನೇ ಇಟ್ಟದ್ದು. ಕರೆಂಟು, ವೈಫೈ ಹೋದರೂ ನಡೆಯುತ್ತದೆ, ಬ್ಯಾಟರಿ ವಾರ ಬರುತ್ತದೆ ಎಂದು ಹೆಮ್ಮೆಯಿಂದ ತಂದಿದ್ದೆ. ಕ್ಯಾಮೆರಾ ಇಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಅಪ್ಪಾ, ದ ಪವರ್ ಈಸ್ ಔಟ್. ಐ ಸೇವ್ಡ್ ಯುವರ್ ಮೆಡಿಸಿನ್,” ಎಂದಳು.

ಅವಳು ಹೇಳಿದ್ದು ಇಷ್ಟು. ಕರೆಂಟು ಹೋದರೆ ಅವರೆಬೇಳೆಯನ್ನು ಐಸ್ ಬಾಕ್ಸಿಗೆ ಹಾಕು ಎಂದು ಅಮ್ಮ ಬೆಳಿಗ್ಗೆ ಹೇಳಿ ಹೋಗಿದ್ದಳು. ಅದನ್ನು ಹಾಕಿದಳು. ಆಮೇಲೆ ಅಪ್ಪನ ಬಾಟಲಿಗಳೂ ಬೆಚ್ಚಗಾಗಬಾರದಲ್ಲ ಎಂದು ನೆನಪಾಯಿತು. ಒಂದೊಂದೇ ತೆಗೆದು ಐಸಿನ ನಡುವೆ ನಿಲ್ಲಿಸಿದಳು. ಒಂದು ಜಾರಿ ಬಿದ್ದು ಒಡೆಯಿತು. ಸಾರಿ ಎಂದಳು. ನೆಲ ಒರೆಸಿ ಆಗಿದೆ, ಟಿಶ್ಯೂ ಸಾಲದೆ ಬಟ್ಟೆ ಹಿಂಡಿ ಒರೆಸಿದೆ ಎಂದಳು. ಎಸಿ ಇಲ್ಲ, ತುಂಬಾ ಸೆಕೆ, ತಲೆ ಒಂಥರಾ ಆಗುತ್ತಿದೆ ಎಂದಳು.

ನನ್ನ ಬೋರ್ಡುಗಳಲ್ಲಿ ನಾಲ್ಕು ಭಾಷೆಯಲ್ಲಿ ಬರೆದಿರುವುದು ಒಂದೇ ಮಾತು: ಮೊದಲು ತೊಳೆಯಿರಿ, ಆಮೇಲೆ ವಿಚಾರಿಸಿ. ನೂರಾರು ಜನರಿಂದ ಅದನ್ನು ಬಾಯಿಪಾಠ ಹೇಳಿಸಿದ್ದೇನೆ. ಆ ಹೊತ್ತಿನಲ್ಲಿ ನಾನು ವಿಚಾರಿಸಿದೆ. ತಲೆ ತಿರುಗುವುದು ಸೆಕೆಗೂ ಇರಬಹುದಲ್ಲ, ಒಡೆದದ್ದು ಗ್ಲಿಸರಿನ್ನೂ ಇರಬಹುದಲ್ಲ. ತೊಳೆ ಎಂದರೆ ಅದು ವಿಷ ಎಂದು ನಾನೇ ಒಪ್ಪಿದಂತೆ.

“ಬಾಟ್ಲಿ ಮೇಲೆ ಎಂತ ಬರ್ದುಂಟು, ಪುಟ್ಟಾ?”

“ಇಟ್ಸ್ ಇನ್ ಕನ್ನಡ, ಅಪ್ಪಾ.”

ಕಸದ ಬುಟ್ಟಿಯಲ್ಲಿ ಟೇಪು ಅಂಟಿದ ಗಾಜಿನ ಚೂರು ಇತ್ತು. ಮುಟ್ಟದೆ ನೋಡು, ಎಷ್ಟು ಅಕ್ಷರ ಎಂದು ಕೇಳಿದೆ. ಎರಡು ಎಂದಳು. ಎರಡು ಮಾತಿಗೂ ಎರಡೇ ಅಕ್ಷರ. ಮೊದಲನೆಯದರ ತಲೆಯ ಮೇಲೆ ಗುಂಡಗೆ ಏನಾದರೂ ಉಂಟಾ ಎಂದೆ. ಬಬಲ್ ಥರ ಇದೆ ಎಂದಳು. ಅದೂ ಎರಡಕ್ಕೂ ಉಂಟು. ಎರಡನೆಯದರ ಮೇಲೆ ಬಬಲ್ ಉಂಟಾ?

“ನೋ. ನೋ ಬಬಲ್.”

ಸಿಹಿಯಾಗಿದ್ದರೆ ‘ಹಿ’ಯ ಮೇಲೂ ಬಬಲ್ ಇರಬೇಕಿತ್ತು. ಅಲ್ಲಿಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೂ ಮಾರ್ಕರಿನ ಶಾಯಿ ಅಳಿಸಿರಬಹುದು ಎಂದು ಇನ್ನೊಂದು ಪ್ರಶ್ನೆ ಕೇಳಿದೆ. ಪ್ರೈಮರಿ ಶಾಲೆಯಲ್ಲಿ ನಮ್ಮ ಟೀಚರು ಶ, ಷ, ಸ ಬೇರೆ ಮಾಡಲು ನಡುವಿನದನ್ನು ಹೊಟ್ಟೆ ಸೀಳಿದ ಷ ಎನ್ನುತ್ತಿದ್ದರು. ಅದರ ಹೊಟ್ಟೆಯೊಳಗೆ ಒಂದು ಗೆರೆ. ನಲವತ್ತು ವರ್ಷದ ನಂತರ ಆ ಮಾತು ನನ್ನ ಬಾಯಿಗೆ ಬಂತು.

“ಅದ್ರ ಹೊಟ್ಟೆ ಸೀಳಿದ ಹಾಗೆ ಉಂಟಾ ನೋಡು. ಒಳಗೆ ಗೆರೆ ಉಂಟಾ?”

ಅವಳು ಬಗ್ಗಿ ನೋಡುವುದು ಉಸಿರಿನಲ್ಲಿ ಕೇಳುತ್ತಿತ್ತು.

“ಹ್ಞಾಂ. ದೇರ್ಸ್ ಎ ಲೈನ್ ಇನ್ ಇಟ್ಸ್ ಟಮ್ಮಿ,” ಎಂದಳು. ಆಮೇಲೆ, “ಅಪ್ಪಾ, ಐ ಥಿಂಕ್ ಐ ವಿಲ್ ವಾಮಿಟ್.”

ಆಗ ತೊಳೆ ಎಂದೆ. ಜುಲೈಯಲ್ಲಿ ಇಲ್ಲಿನ ನಲ್ಲಿಯ ನೀರು ಮಾಳಿಗೆಯ ಟ್ಯಾಂಕಿನಲ್ಲಿ ಕಾದು ಕೈ ಸುಡುತ್ತದೆ. ಬೇಸಿಗೆಯಲ್ಲಿ ಗೀಸರ್ ಆರಿಸಿಟ್ಟು ಅದರ ನೀರನ್ನೇ ತಣ್ಣೀರೆಂದು ಬಳಸುವುದು. ಬಚ್ಚಲಿಗೆ ಹೋಗು, ಬಿಸಿಯ ಕಡೆಯ ನಲ್ಲಿ ತಿರುಗಿಸು, ಸೋಪು ಹಾಕು, ಕೈ, ಕಾಲು, ನಾನು ಬೇಡ ಅನ್ನುವವರೆಗೆ ತೊಳೆ ಎಂದೆ. ಬೇಡ ಅನ್ನುವ ಮೊದಲೇ ಫೋನಿನಲ್ಲಿ ನೀರಿನ ಸದ್ದು ಮಾತ್ರ ಉಳಿಯಿತು.

ಕಟ್ಟಡದ ಕಾವಲಿನ ಮುದುಕ ಈಜಿಪ್ಟಿನವನು. ನನ್ನದು ಸೈಟಿನ ಅರಬಿ, ಬೋರ್ಡಿನಲ್ಲಿರುವಷ್ಟೇ. ಅವನಿಗೆ ಫೋನು ಮಾಡಿ ಮಗಳು ಎಂದೆ, ಆಮೇಲೆ ‘ಸುಮ್ಮ್’ ಎಂದೆ. ವಿಷಕ್ಕೆ ಅರಬಿಯಲ್ಲಿ ಇರುವುದು ಅಷ್ಟೇ, ನಮ್ಮ ‘ಸುಮ್ಮನೆ’ಯ ಅರ್ಧ. ಅವನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಲಿಫ್ಟಿಗೆ ಕರೆಂಟಿಲ್ಲದೆ ಐದು ಮಹಡಿ ಹತ್ತಿ, ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದು, ಅವಳನ್ನು ಇಳಿಸಿಕೊಂಡು, ತನ್ನದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದ. ನಾನು ಅಲ್ಲಿಗೆ ತಲಪಲು ಮುಕ್ಕಾಲು ಗಂಟೆ ಬೇಕಾಯಿತು. ಹೆಂಡತಿಗೆ ಫೋನು ಮಾಡಿದ್ದು ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಲ್ಲಿಸಿದ ಮೇಲೆ. ಟ್ರಾಫಿಕ್ ಇತ್ತು ಎಂದು ಹೇಳಿದೆ. ಟ್ರಾಫಿಕ್ಕಿನಲ್ಲಿ ಫೋನು ಮಾಡಲು ಸಮಯ ಸಿಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಗಳು ಬಿಳಿಚಿಕೊಂಡಿದ್ದಳು. ಹಣೆಯಲ್ಲಿ ಬೆವರು, ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಕಾರಿನಲ್ಲಿ ಮೂರು ಸಲ ವಾಂತಿ ಮಾಡಿದ್ದಳಂತೆ. ಯಾವ ದ್ರವ, ಎಷ್ಟು ತೀಕ್ಷ್ಣ ಎಂದು ಡಾಕ್ಟರು ಕೇಳಿದರು. ಮಿಲಿ ಲೀಟರಿಗೆ ನೂರು ಮಿಲಿಗ್ರಾಂ ಎಂದೆ. ತುಂಬಿದ ತಾರೀಕು ಹೇಳಿದೆ, ಮೈನಸ್ ಹದಿನೆಂಟರಲ್ಲಿ ಇಟ್ಟಿದ್ದೆ ಎಂದೆ, ಬಣ್ಣ ಸ್ವಲ್ಪವೂ ಬದಲಾಗಿರಲಿಲ್ಲ ಎಂದೂ ಹೇಳಿದೆ. ಇಷ್ಟು ಚೆನ್ನಾಗಿ ಕಾಪಾಡಿದ ವಿಷವನ್ನು ಅವರು ನೋಡಿರಲಿಕ್ಕಿಲ್ಲ. ಬರೆಯುತ್ತಿದ್ದವರು ತಲೆಯೆತ್ತಿ, ಮನೆಯಲ್ಲಿ ಬೇರೆ ಫ್ರೀಜರ್ ಇದೆಯೇ ಅಥವಾ ಊಟದ ಸಾಮಾನಿನ ಜೊತೆಗೇ ಇಟ್ಟಿದ್ದಿರೇ ಎಂದು ಕೇಳಿದರು. ಮತ್ತೆ ಬರೆಯತೊಡಗಿದರು.

ಎದೆಗೆ ವೈರು, ಕೈಗೆ ಡ್ರಿಪ್. ಯಂತ್ರದ ಅಂಕೆಗಳು ಏರಿ, ಇಳಿದು, ಸಂಜೆಯ ಹೊತ್ತಿಗೆ ಒಂದು ಕಡೆ ನಿಂತವು. ಹೆಂಡತಿ ಲ್ಯಾಬಿನ ಕೋಟಿನಲ್ಲೇ ಬಂದಿದ್ದಳು. ಕೇಳಬೇಕಾದ್ದನ್ನೆಲ್ಲ ಡಾಕ್ಟರಿಗೆ ಕೇಳಿದಳು, ನನಗೆ ಏನೂ ಕೇಳಲಿಲ್ಲ. ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿ ಹೋದ ಮೇಲೂ ಅವಳು ಮಗಳ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದಳು.

ಮಗಳು ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು. “ಅಪ್ಪಾ, ಬಾಕಿ ಬಾಟ್ಲಿ ಐಸ್‌ನಲ್ಲಿದೆ. ದೇ ವೋಂಟ್ ಗೆಟ್ ವಾರ್ಮ್,” ಎಂದಳು. ಅರ್ಧವಾದರೂ ಕನ್ನಡದಲ್ಲಿ ಅವಳು ನನ್ನ ಹತ್ತಿರ ಮಾತಾಡಿದ್ದು ವರ್ಷದಲ್ಲಿ ಅದೇ ಮೊದಲಿರಬೇಕು.

ಹೆಂಡತಿ ಬಟ್ಟೆ ಮಡಚಿಟ್ಟಳು. “ಅದಕ್ಕೆ ಹೆಸರು ಬರಿಯೋಕೆ ನಿಮಗೆ ಟೈಮ್ ಸಿಕ್ತು ಕಣ್ರೀ. ಇವಳಿಗೆ ಓದೋಕೆ ಕಲ್ಸೋಕೆ ಸಿಗ್ಲಿಲ್ಲ,” ಎಂದಳು. ದನಿ ಎತ್ತಲಿಲ್ಲ.

ಮನೆಗೆ ಬಂದ ದಿನ ಅವಳು ಐಸ್ ಬಾಕ್ಸಿನ ಅವರೆಬೇಳೆ ಅಷ್ಟನ್ನೂ ಕಸದ ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು. ಉಳಿದ ಬಾಟಲಿಗಳನ್ನು ನಾನು ಸೈಟಿನ ಕೆಮಿಕಲ್ ತ್ಯಾಜ್ಯದ ಡ್ರಮ್ಮಿಗೆ ಹಾಕಿದೆ. ಚರಂಡಿಗೆ ಸುರಿಯುವಂತಿಲ್ಲ, ವಿಮಾನದಲ್ಲಿ ಒಯ್ಯುವಂತಿಲ್ಲ, ಬೇರೆ ಯಾರಿಗೂ ಕೊಡುವ ಧೈರ್ಯವಿಲ್ಲ. ಅದಕ್ಕೊಂದು ಫಾರಂ ಇದೆ, ನಾನೇ ತಯಾರಿಸಿದ್ದು. ‘ಯಾವ ಕೆಲಸದಿಂದ ಉಂಟಾದ ತ್ಯಾಜ್ಯ’ ಎಂಬ ಕಡೆ ಬಹಳ ಹೊತ್ತು ಪೆನ್ನು ಹಿಡಿದು ಕೂತು, ನಿರ್ವಹಣೆ ಎಂದು ಬರೆದು ಸಹಿ ಹಾಕಿದೆ.

ವೇಪ್ ಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಬಿಟ್ಟಿಲ್ಲ. ಒಂದೊಂದೇ ಸಣ್ಣ ಬಾಟಲಿ ಕೊಂಡು ಕ್ಯಾಬಿನ್ನಿನ ಕಪಾಟಿನಲ್ಲಿ ಬೀಗ ಹಾಕಿಡುತ್ತೇನೆ. ಮನೆಗೆ ಒಯ್ಯುವುದಿಲ್ಲ. ಕೆಳಗಿನ ಡ್ರಾಯರು ಖಾಲಿ ಇದೆ. ಹೆಂಡತಿ ಅದನ್ನು ಕುದಿಯುವ ನೀರಿನಲ್ಲಿ ತೊಳೆದಿಟ್ಟಿದ್ದಾಳೆ, ಏನೂ ಇಡುವುದಿಲ್ಲ. ಈ ಚಳಿಗಾಲ ಊರಿನಿಂದ ಅವರೆಬೇಳೆ ತರಿಸಲಿಲ್ಲ.

ಜನವರಿಯಲ್ಲಿ ಮೈಸೂರಿನಿಂದ ಬಂದ ಕನ್ನಡ ಕ್ಯಾಲೆಂಡರನ್ನು ಅಡುಗೆಮನೆಯಲ್ಲಿ ತೂಗುಹಾಕಿದೆವು. ಒಂದು ಸಂಜೆ ಮಗಳು ಅದರ ಮುಂದೆ ನಿಂತಿದ್ದಳು. ಮೇಲೆ ದೊಡ್ಡದಾಗಿ ‘ಹೊಸ ವರ್ಷದ ಶುಭಾಶಯಗಳು’ ಎಂದಿತ್ತು. ಅವಳ ಬೆರಳು ‘ವರ್ಷ’ದ ಹತ್ತಿರ ಹೋಗಿ, ಕಾಗದಕ್ಕೆ ತಾಗದೆ, ಒಂದು ಅಂಗುಲ ದೂರದಲ್ಲಿ ನಿಂತಿತ್ತು.

“ಅಪ್ಪಾ, ಈಸ್ ದಿಸ್ ದ ಸೇಮ್ ವರ್ಡ್?”

ಅಲ್ಲ, ಇದು ವರ್ಷ, ಇಯರ್ ಎಂದೆ. ಮೊದಲನೇ ಅಕ್ಷರದ ಮೇಲೆ ಬಬಲ್ ಇಲ್ಲ ನೋಡು ಎಂದೆ. ಅವಳು ಮತ್ತೆ ನೋಡಿದಳು. ಹೊಟ್ಟೆಯಲ್ಲಿ ಗೆರೆ ಇದೆಯಲ್ಲ ಎಂದಳು. ಇದೆ, ಆದರೆ ಅದು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ, ಎಷ್ಟೋ ಒಳ್ಳೆಯ ಮಾತುಗಳಲ್ಲಿ ಅದು ಬರುತ್ತದೆ ಎಂದೆ. ಉದಾಹರಣೆ ಕೊಡಬೇಕೆಂದು ಹುಡುಕಿದೆ. ಔಷಧಿ ಎಂಬುದೇ ಮೊದಲು ಬಾಯಿಗೆ ಬಂತು, ಅದನ್ನು ನುಂಗಿಕೊಂಡೆ.

ಅವಳು ತಲೆಯಾಡಿಸಿ ಸಿಂಕಿನ ಹತ್ತಿರ ಹೋದಳು. ಏನನ್ನೂ ಮುಟ್ಟಿರಲಿಲ್ಲ. ಸೋಪು ಹಾಕಿ ಎರಡೂ ಕೈ ತೊಳೆದಳು, ನಲ್ಲಿ ಮುಚ್ಚಿದಳು, ಬಾಗಿಲವರೆಗೆ ಹೋಗಿ ಹಿಂದೆ ಬಂದು ಅದು ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಂದು ಸಲ ತಿರುಗಿಸಿ ನೋಡಿದಳು.