ಘಾಟ್ ಬಂದ್ ಐತಿ ಅಂದದ್ದು

ಏಳು ಮಳೆಗಾಲ ನಾನು ಅಕ್ಕನನ್ನು ಅಂಬೋಲಿಯ ಕಾಡಿಗೆ ಕರೆದುಕೊಂಡು ಹೋಗಲಿಲ್ಲ. ಟೆಂಪೊ ನನ್ನ ಕೈಯಲ್ಲೇ ಇತ್ತು, ಪಕ್ಕದ ಸೀಟು ಖಾಲಿ ಇರುತ್ತಿತ್ತು, ನನ್ನ ದಾರಿಯೂ ಅದೇ. ಅವಳು ಕೇಳಿದಾಗಲೆಲ್ಲ, "ಘಾಟ್ ಬಂದ್ ಐತಿ, ಗುಡ್ಡ ಕುಸದೈತಿ, ಸುತ್ತ ಹಾಕಿ ಹೋಗಾಕತ್ತೀನಿ" ಎನ್ನುತ್ತಿದ್ದೆ. ಘಾಟ್ ತೆರೆದೇ ಇರುತ್ತಿತ್ತು.

ಆಸೆ ಹುಟ್ಟಿಸಿದವನೂ ನಾನೇ. ಡೊಂಬಿವಲಿಯ ಕಾರ್ಖಾನೆಗಳ ಎಂಐಡಿಸಿಯಿಂದ ಸಾವಂತವಾಡಿಗೆ ಬಣ್ಣದ ಡ್ರಮ್ ಒಯ್ದು ಮೊದಲ ಸಲ ಮರಳಿದ ದಿನ ಊಟಕ್ಕೆ ಕೂತು ಹೇಳಿದ್ದೆ: ದಾರಿಯ ಅಂಬೋಲಿ ಘಾಟಿನಲ್ಲಿ ಮೋಡ ತಲೆಯ ಮೇಲಿರುವುದಿಲ್ಲ, ಗಿಡಗಳ ನಡುವೆ ಓಡಾಡುತ್ತದೆ. ಮಳೆ ನಿಂತ ಮೇಲೂ ಎಲೆಗಳು ತೊಟ್ಟಿಕ್ಕುತ್ತಲೇ ಇರುತ್ತವೆ.

ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ನಿಂತಿತು. "ಮೋಡದಾಗ ಕೈ ಹಾಕಾಕ ಬರತೈತೇನು?"

"ಬರತೈತಿ. ಕೈ ಒದ್ದಿ ಆಗತಾವ."

"ನನ್ನೂ ಒಮ್ಮೆ ಕರಕೊಂಡ ಹೋಗೋ ತಮ್ಮಾ."

ನಾವು ವಿಜಯಪುರದ ಕಡೆಯವರು. ನಮ್ಮಲ್ಲಿ ಮೋಡ ಬಹಳ ಎತ್ತರದಲ್ಲಿ ಹಾದು ಹೋಗುತ್ತದೆ. ಅವ್ವ ತೀರಿದ ಮೇಲೆ ನನ್ನನ್ನು ಡೊಂಬಿವಲಿಗೆ ಕರೆತಂದು, ಬಣ್ಣದ ಕಂಪನಿಯಲ್ಲಿ ಪುಡಿಯ ಚೀಲ ತುಂಬಿ ಸಾಕಿದವಳು ಅಕ್ಕ. ಶಾಲೆಗೂ ಹಾಕಿದ್ದಳು. ಐದನೆಯ ಇಯತ್ತೆಗೆ ನಾನೇ ಬಿಟ್ಟೆ.

ಸುಳ್ಳು ಏಕೆ ಹೇಳಿದೆ ಎಂದರೆ, ಬರೆಯಲು ನಾಚಿಕೆಯಾಗುತ್ತದೆ. ಘಾಟಿನ ಮೇಲೆ ಗಾಡಿ ನಿಲ್ಲಿಸಿ, ಚಹಾ ಕುಡಿದು, ಕಾಡಿನೊಳಗೆ ಸ್ವಲ್ಪ ದೂರ ನಡೆದು ಬರುತ್ತಿದ್ದೆ. ಅಲ್ಲಿ ಫೋನ್ ಹತ್ತುವುದಿಲ್ಲ. ಗಾಡಿಯ ಮಾಲೀಕ ಸೇಠನೂ ಕೂಗುವುದಿಲ್ಲ, ಮನೆಯವರೂ ಕೂಗುವುದಿಲ್ಲ. ಆ ಅರ್ಧ ಗಂಟೆ ನನ್ನೊಬ್ಬನದು ಅನಿಸುತ್ತಿತ್ತು. ತನ್ನ ತಟ್ಟೆಯ ಅನ್ನವನ್ನು ನನಗೆ ಬಡಿಸಿದವಳಿಗೆ ಆ ಅರ್ಧ ಗಂಟೆಯಲ್ಲಿ ಪಾಲು ಕೊಡಲು ನನಗೆ ಮನಸ್ಸಾಗಲಿಲ್ಲ.

ಈ ವರ್ಷ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಅಕ್ಕ ಎರಡು ಕಡೆ ಕೂತಳು. ಮೊಣಕಾಲು ಹಿಡಿದುಕೊಂಡು ಏನೂ ಆಗಿಲ್ಲವೆಂಬಂತೆ ಜನರನ್ನು ನೋಡುತ್ತಿದ್ದಳು. ನನಗೆ ಹೆದರಿಕೆಯಾಯಿತು. ಮರುವಾರವೇ, "ಘಾಟ್ ತಗದೈತಿ, ನಡಿ" ಎಂದೆ.

"ಅಂತೂ ತಗದರಲ್ಲ, ಪುಣ್ಯಾತ್ಮರು!" ಎಂದು ನಕ್ಕಳು.

ನಸುಕಿನಲ್ಲಿ ಹೊರಟೆವು. ತಳೋಜಾ ದಾಟುವವರೆಗೂ ಅವಳು ಮೂಗಿನಿಂದಲೇ ಕಂಪನಿಗಳನ್ನು ಗುರುತಿಸುತ್ತಿದ್ದಳು. "ಇದು ನಮ್ಮಂಥ ಬಣ್ಣದ್ದು. ಇದು ಔಷಧದ್ದು." ಕೊಲ್ಹಾಪುರ, ನಿಪ್ಪಾಣಿ, ಆಜ್ರಾ ಕಳೆದು ಅಂಬೋಲಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಒಂದು ತಿರುವಿನಲ್ಲಿ ಎದುರಿನಿಂದ ಬೆಳ್ಳಗಿನದೇನೋ ಉರುಳಿ ಬಂತು. ಅಕ್ಕ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಳು.

"ಕಿಡಕಿ ಗ್ಲಾಸ್ ಏರಿಸೋ! ಕಂಪನ್ಯವರು ಗ್ಯಾಸ್ ಬಿಟ್ಟಾರ!"

"ಅಕ್ಕಾ, ಮೋಡ ಅದು."

ಸೆರಗು ನಿಧಾನವಾಗಿ ಇಳಿಯಿತು. ಮೂಸಿ ನೋಡಿದಳು. "ಏನೂ ವಾಸನೀನ ಇಲ್ಲಲ್ಲೋ." ಕೈ ಹೊರಗೆ ಚಾಚಿದಳು. ಒದ್ದೆ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿ ಮುಖಕ್ಕೆ ಒರೆಸಿಕೊಂಡಳು.

ನಾನು ಪ್ರತಿ ಸಲ ನಿಲ್ಲಿಸುವ ಕಡೆಯೇ ಗಾಡಿ ನಿಲ್ಲಿಸಿದೆ. ಕಾಡಿನ ಕಾಲುದಾರಿ ಏರುದಾರಿ. ಹತ್ತು ಹೆಜ್ಜೆಗೆ ಅವಳ ಮೊಣಕಾಲು ಸೋತಿತು.

"ನೀ ಹೋಗಿ ನೋಡಿ ಬಾ. ನಾ ಇಲ್ಲೇ ಕುಂದರತೀನಿ."

ನಾನೂ ಅಲ್ಲೇ ಕೂತೆ. ಕುಳ್ಳಗಿನ ಸೊಟ್ಟ ಮರಗಳು, ಕೊಂಬೆಯ ತುದಿಯವರೆಗೂ ಪಾಚಿ. ಅಕ್ಕ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಎತ್ತಿದರೆ ಅದು ಬಟ್ಟೆಯ ಹಾಗೆ ಜೋತುಬಿತ್ತು. "ನೋಡಲ್ಲಿ, ನನ್ನ ಕಟಕ ರೊಟ್ಟಿ ಚಪಾತಿ ಆಗಿ ಹೋದ್ವು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಗುತ್ತಲೇ ಕಾಲು ತುರಿಸಿಕೊಳ್ಳಲು ಬಗ್ಗಿದವಳು ಕೂಗಿದಳು. ಹಿಮ್ಮಡಿಯ ಮೇಲೆ ಜಿಗಣೆ ಕಚ್ಚಿತ್ತು. ಬುತ್ತಿಯ ಶೇಂಗಾ ಚಟ್ನಿಪುಡಿಯಲ್ಲಿ ಉಪ್ಪು ಇದೆಯಲ್ಲ, ಅದನ್ನೇ ಚಿಮುಕಿಸಿದೆ. ಜಿಗಣೆ ಉದುರಿತು. ರಕ್ತ ಮಾತ್ರ ನಿಲ್ಲದೆ ಸೀರೆಯ ಅಂಚಿನಲ್ಲಿ ದುಂಡಗೆ ಹರಡಿತು. ಅಕ್ಕ ಆ ಕಲೆಯನ್ನೇ ನೋಡುತ್ತ ಕೂತಳು.

"ಈ ಕಲೆ ನನಗ ಗೊತ್ತೈತಿ. ನಿನ್ನ ಪ್ಯಾಂಟಿನ ಕಾಲಿಗೆ ಇರತಿತ್ತು. ಜ್ಯಾಕ್ ತಾಗೇತಿ ಅಂತಿದ್ದಿ. ಮಳಿಗಾಲ ಬಂತಂದ್ರ ಇದನ್ನ ತಿಕ್ಕಿ ತಿಕ್ಕಿ ತೊಳದೀನಿ."

ತನ್ನಿಂದ ಹತ್ತಲಾಗದ ಕಾಲುದಾರಿಯ ಕಡೆ ಮುಖ ತಿರುಗಿಸಿದಳು. ಬೇರೆ ಘಾಟಿನಲ್ಲೂ ಜಿಗಣೆ ಇರುತ್ತವೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅವಳೂ ನಂಬಿದವಳಂತೆ ಇದ್ದುಬಿಡುತ್ತಿದ್ದಳು. ಮೋಡ ಮತ್ತೊಮ್ಮೆ ಇಳಿದು ಬಂದು ಕಾಲುದಾರಿಯನ್ನು ಮುಚ್ಚಿತು. ನಾನು ಅವಳ ಕಾಲನ್ನು ನನ್ನ ಕರ್ಚೀಫಿನಿಂದ ಕಟ್ಟಿದೆ. ಗಂಟು ಹಾಕಿದ ಮೇಲೂ ಕೈ ತೆಗೆಯಲಿಲ್ಲ.

"ಅಕ್ಕಾ, ಘಾಟ್ ಒಂದ್ ಸಲಾನೂ ಬಂದ್ ಇರಲಿಲ್ಲ. ನಿನ್ನ ಕಾಲ ಗಟ್ಟಿ ಇದ್ದಾಗ ನಾ ಕರಕೊಂಡ ಬರಲಿಲ್ಲ. ತಪ್ಪ ಮಾಡೀನಿ. ಹೊಟ್ಟ್ಯಾಗ ಹಾಕೊ."