ತಪ್ಪೆಲ್ಲ ಸಂತ್ರಾದ್ದು

ಮೊದಲು ಒಡೆದದ್ದು ಕೇಕು.

ದಸರಾ ಮುಗಿದಿತ್ತು. ಗಡಹಿಂಗ್ಲಜದ ಪೇಟೆಗೆ ನಾಗಪುರದ ಸಂತ್ರಾ ಬರತೊಡಗಿತ್ತು. ಕಿತ್ತಳೆಗೆ ಗಡಿಯ ಈ ಕಡೆ, ಮಹಾರಾಷ್ಟ್ರದಲ್ಲಿರುವ ನಾವು ಸಂತ್ರಾ ಅಂತಲೇ ಅನ್ನುತ್ತೇವೆ. ಪ್ರತಿ ಚಳಿಗಾಲ ನಾನು ಮನೆಯಲ್ಲೇ ಸಂತ್ರಾ ರೋಲ್ ಕೇಕ್ ಮಾಡಿ ಮಾರುತ್ತೇನೆ. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಆರ್ಡರುಗಳು ಬರುತ್ತವೆ. ಹೊಸ ವರ್ಷದವರೆಗೂ ಓವನ್ ತಣ್ಣಗಾಗುವುದಿಲ್ಲ.

ನಮ್ಮದು ಲಿಂಗಾಯತರ ಮನೆ. ತತ್ತಿ ಹೊಸ್ತಿಲು ದಾಟುವಂತಿಲ್ಲ. ತತ್ತಿ ಇಲ್ಲದ ಕೇಕನ್ನು ಸುತ್ತುವುದೆಂದರೆ ಅದರ ಮರ್ಜಿ ಹಿಡಿಯಬೇಕು. ಮೊಸರು, ಹಾಲು, ಮೈದಾ, ಸಂತ್ರಾ ಸಿಪ್ಪೆಯ ತುರಿ ಸೇರಿಸಿ ಟ್ರೇಯಲ್ಲಿ ತೆಳ್ಳಗೆ ಬೇಯಿಸಬೇಕು. ಬಿಸಿ ಇರುವಾಗಲೇ ತೆಳು ಬಟ್ಟೆಯ ಮೇಲೆ ಬೋರಲು ಹಾಕಿ, ಬಟ್ಟೆಯ ಸಮೇತ ಚಾಪೆ ಸುತ್ತಿದಂತೆ ಸುತ್ತಿ ಇಡಬೇಕು. ಪೂರ್ತಿ ಆರಿದ ಮೇಲೆ ಬಿಚ್ಚಿ, ಕ್ರೀಮ್ ಸವರಿ, ಮತ್ತೆ ಸುತ್ತಬೇಕು. ಕೈಕೆಲಸ ಸ್ವಲ್ಪ, ಕಾಯುವುದೇ ಜಾಸ್ತಿ.

ಈ ಸಲ ನನಗೆ ಕಾಯಲು ಆಗಲಿಲ್ಲ. ಬಟ್ಟೆ ಬೆಚ್ಚಗಿರುವಾಗಲೇ ಬಿಚ್ಚಿದೆ. ಕೇಕು ಉದ್ದಕ್ಕೂ ಬಿರಿಯಿತು. ಮತ್ತೊಂದು ಮಾಡಿದೆ. ಅದೂ ಬಿರಿಯಿತು. ಮೊಸರು ಹುಳಿಯಾಗಿದೆ ಅಂದೆ. ಮೈದಾ ಹಳತು ಅಂದೆ. ಓವನ್ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿ ಅವನ ತಲೆ ತಿಂದೆ. ಕ್ರೀಮ್ ಸವರುವಾಗ ಕೈ ನಡುಗುತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನಿಜವಾಗಿ ಅದಕ್ಕೂ ಮೊದಲೇ ಎಲ್ಲ ಶುರುವಾಗಿತ್ತು. ಎರಡು ಹೊತ್ತಿನ ಊಟ ಒಂದೇ ಹೊತ್ತಿಗೆ ಉಣ್ಣುತ್ತಿದ್ದೆ, ಆದರೂ ತೂಕ ಇಳಿಯುತ್ತಿತ್ತು. ಬಳೆಗಳು ಕೈಯಿಂದ ತಾವಾಗಿ ಜಾರುತ್ತಿದ್ದವು. ಗಂಡ ಬಸವರಾಜ ಕಂಬಳಿ ಹೊದ್ದು ಕುಳಿತರೆ ನಾನು ಪಕ್ಕದಲ್ಲಿ ಫ್ಯಾನ್ ಹಾಕಿಕೊಳ್ಳುತ್ತಿದ್ದೆ. ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ತಮಾಷೆ ಎಂದರೆ, ಈ ರೋಗಕ್ಕೆ ಎಲ್ಲರೂ ಶಭಾಷ್ ಅಂದರು. ಓಣಿಯ ಹೆಂಗಸರು ಯಾವ ಡಯಟ್ ಎಂದು ಕೇಳಿದರು. ಸೊಸೆ ಈಗ ಚುರುಕಾಗಿದ್ದಾಳೆ ಎಂದು ಅತ್ತೆ ಬಂದವರೆದುರು ಹೇಳಿಕೊಂಡರು. ನನಗೂ ಹಿಗ್ಗು.

ಇಚಲಕರಂಜಿ ನನ್ನ ತವರು. ಅಪ್ಪನ ಪವರ್‌ಲೂಮ್ ಶೆಡ್ಡಿನ ಗೋಡೆಗೆ ಒರಗಿ ಪಾಠ ಓದಿದವಳು ನಾನು. ಆಗ ಬೆನ್ನಿಗೆ ತಾಗುತ್ತಿದ್ದ ಆ ಖಟಖಟ ಈಗ ಎದೆಯೊಳಗೇ ನಡೆದಿತ್ತು. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಅದು ಎಷ್ಟು ಜೋರಾಯಿತೆಂದರೆ, ಕಟಾಂಜನ ಹಿಡಿದು ಅಲ್ಲೇ ಕುಳಿತುಬಿಟ್ಟೆ. ಅವತ್ತು ಬಸವರಾಜ ನನ್ನ ಮಾತು ಕೇಳದೆ ಡಾಕ್ಟರ ಬಳಿ ಕರೆದೊಯ್ದ.

ಊರಿನ ಡಾಕ್ಟರು ನಾಡಿ ಹಿಡಿದರು, ಕಣ್ಣು ನೋಡಿದರು, ಎರಡೂ ಕೈ ಮುಂದೆ ಚಾಚಲು ಹೇಳಿದರು. ಬೆರಳುಗಳು ತಮ್ಮಷ್ಟಕ್ಕೆ ತಾವು ಕುಣಿದವು. ರಕ್ತ ಪರೀಕ್ಷೆ ಮಾಡಿಸಿ ಕೊಲ್ಹಾಪುರಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ರಿಪೋರ್ಟ್ ನೋಡಿ ಗ್ರೇವ್ಸ್ ಡಿಸೀಸ್ ಅಂದರು. ಕುತ್ತಿಗೆಯ ಥೈರಾಯಿಡ್ ಗ್ರಂಥಿ ಮಿತಿಮೀರಿ ದುಡಿಯುತ್ತಿದೆ, ಅದಕ್ಕೇ ಇಡೀ ಮೈ ಓಡುತ್ತಿದೆ ಎಂದು ಬಿಡಿಸಿ ಹೇಳಿದರು.

ಅಂದರೆ ಚುರುಕಾಗಿದ್ದದ್ದು ನಾನಲ್ಲ, ನನ್ನ ರೋಗ.

ಇದರಿಂದ ಯಾಕೋ ನನಗೆ ರೋಗಕ್ಕಿಂತ ಹೆಚ್ಚು ನೋವಾಯಿತು. ಡಾಕ್ಟರಮ್ಮ ಎರಡು ಗುಳಿಗೆ ಬರೆದರು. ಒಂದು ಗ್ರಂಥಿಯನ್ನು ಹದ್ದುಬಸ್ತಿನಲ್ಲಿಡಲು, ಇನ್ನೊಂದು ಎದೆಬಡಿತ ಮತ್ತು ಕೈ ನಡುಕಕ್ಕೆ. ಆಮೇಲೆ ಒಂದು ಎಚ್ಚರಿಕೆ ಕೊಟ್ಟರು. ಮೊದಲನೆಯ ಗುಳಿಗೆ ಅಪರೂಪಕ್ಕೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಪೂರಾ ಇಳಿಸಿಬಿಡುತ್ತದೆ. ಗಂಟಲು ನೋವು ಅಥವಾ ಜ್ವರ ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಬೇಕು, ಕಾಯಬಾರದು. ಇದನ್ನು ಬಸವರಾಜನ ಬಾಯಿಂದ ತಿರುಗಿ ಹೇಳಿಸಿದರು. ಅವನು ಒಪ್ಪಿಸಿದ. ನಾನು ಅಷ್ಟರಲ್ಲಿ ಬಾಗಿಲಾಚೆ ಹೋಗಿ ಚಪ್ಪಲಿ ಮೆಟ್ಟಿಕೊಂಡಿದ್ದೆ.

ನಡುಕದ ಗುಳಿಗೆ ಬೇಗ ಕೆಲಸ ಮಾಡಿತು. ಕೈ ನಡುಕ ನಿಂತಿತು. ಕೇಕು ಒಡೆಯದೆ ಸುತ್ತಿಕೊಂಡಿತು. ಕತ್ತರಿಸಿದಾಗ ಸುರುಳಿ ಗುಂಡಗೆ ಕಂಡಿತು. ನಾನು ಗುಣವಾದೆ ಅಂದುಕೊಂಡೆ. ಬಂದ ಆರ್ಡರನ್ನೆಲ್ಲ ಒಪ್ಪಿಕೊಂಡೆ.

ಎಲ್ಲಕ್ಕಿಂತ ದೊಡ್ಡ ಆರ್ಡರು ಏಸ್ತರ್‌ಬಾಯಿಯದು. ಅವರು ನಮ್ಮ ಓಣಿಯಲ್ಲೇ ಇರುವ ನಿವೃತ್ತ ಶಿಕ್ಷಕಿ, ಮರಾಠಿ ಮಾತಿನವರು. ನಾತಾಳದ ವಾರದಲ್ಲಿ ಅವರ ಚರ್ಚಿನ ಹೆಂಗಸರೆಲ್ಲ ಸೇರುವಾಗ ನನ್ನ ಕೇಕೇ ಆಗಬೇಕು. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಊದಿನಕಡ್ಡಿಯ ವಾಸನೆ ಕೂಡ ಸಂತ್ರಾದ ಮುಂದೆ ಸೋಲುತ್ತದೆ. ನಾನು ಬುಟ್ಟಿಗಟ್ಟಲೆ ಸಿಪ್ಪೆ ತುರಿಯುತ್ತೇನೆ. ತುರಿ ಕೇಕಿಗೆ, ಕ್ರೀಮಿಗೆ. ಸಿಪ್ಪೆ ಕಳೆದುಕೊಂಡ ಬೋಳು ಹಣ್ಣು ಹೆಚ್ಚು ಹೊತ್ತು ಇರುವುದಿಲ್ಲ. ಅದನ್ನು ಅತ್ತೆ ತಿಂದು ಮುಗಿಸುತ್ತಾರೆ. ಒಂದು ಹಣ್ಣೂ ಹಾಳಾಗಬಾರದು ಅನ್ನುವವರು ಅವರು.

ಆಗ ಗಂಟಲು ಹಿಡಿಯಿತು.

ಮೊದಲು ಕೆರೆತ. ಆಮೇಲೆ ಉಗುಳು ನುಂಗಿದರೂ ನೋವು. ಅತ್ತೆ ಆ ಕ್ಷಣದಲ್ಲೇ ಕಾರಣ ಹೇಳಿದರು. "ಸಂತ್ರಾದ ಹುಳಿ, ಸಿಪ್ಪಿ ಘಾಟು, ಮ್ಯಾಲ ಫ್ಯಾನಿನ ಗಾಳಿ. ಗಂಟಲ ಹಿಡೀದ ಬಿಡತೈತೇನು?" ಚಳಿಯಲ್ಲಿ ಹುಳಿ ತಾಗಿದರೆ ಗಂಟಲು ಕೆಡುತ್ತದೆ ಎನ್ನುವುದು ನಮ್ಮಲ್ಲಿ ಯಾರೂ ವಾದ ಮಾಡದ ಮಾತು. ಅರಿಸಿನ ಹಾಲು ಬಂತು. ಉಪ್ಪು ನೀರು ಬಂತು. ಬಸವರಾಜ ತನ್ನ ಕಿರಾಣಿ ಅಂಗಡಿಯಿಂದ ಚೀಪುವ ಗುಳಿಗೆ ತಂದ. ಡಾಕ್ಟರಮ್ಮನ ಮುಂದೆ ಪಾಠ ಒಪ್ಪಿಸಿದವನಿಗೆ ಆ ಪಾಠ ನೆನಪಾಗಲಿಲ್ಲ, ಯಾಕೆಂದರೆ ಇದು ಸಂತ್ರಾದ ಗಂಟಲು. ಮೈ ಬಿಸಿಯಾಯಿತು. ಓವನ್ ಮುಂದೆ ನಿಂತವಳಿಗೆ ಬಿಸಿಯಾಗದೆ ಇನ್ನೇನು ಅಂದೆ. ಥೈರಾಯಿಡ್ ಗುಳಿಗೆಯನ್ನು ಮಾತ್ರ ಶಿಸ್ತಾಗಿ ನುಂಗುತ್ತಲೇ ಇದ್ದೆ.

ಹೀಗೆ ಎರಡು ಮೂರು ದಿನ ಹೋದವು. ನೀರು ಸಹ ಇಳಿಯದಾಯಿತು. ಮಲಗು ಎಂದರು. ಮಲಗಲು ಆಗಲಿಲ್ಲ. ಟ್ರೇ ಓವನ್ ಒಳಗಿತ್ತು, ಬಟ್ಟೆ ಹರವಿಟ್ಟಿದ್ದೆ.

ಅವತ್ತು ಮಧ್ಯಾಹ್ನ ಏಸ್ತರ್‌ಬಾಯಿ ಆರ್ಡರು ಎಲ್ಲಿಗೆ ಬಂತು ಎಂದು ನೋಡಲು ಬಂದರು. ನಾನು ಅಡುಗೆಮನೆಯಲ್ಲಿ ಬಿಸಿ ಕೇಕನ್ನು ಬಟ್ಟೆಯ ಮೇಲೆ ಮಗುಚುತ್ತಿದ್ದೆ. ಅತ್ತೆ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಬೋಳು ಸಂತ್ರಾ ಬಿಡಿಸಿ ತಟ್ಟೆಯಲ್ಲಿಟ್ಟರು. ಜೊತೆಗೆ, ಈ ಸಂತ್ರಾದಿಂದಲೇ ಸೊಸೆಗೆ ಗಂಟಲು ಕಟ್ಟಿ ಜ್ವರ ಬಂದಿದೆ ಎಂಬ ಸುದ್ದಿಯನ್ನೂ ಕೊಟ್ಟರು. ಏಸ್ತರ್‌ಬಾಯಿ ಬಾಯಿಯ ಹತ್ತಿರ ಒಯ್ದಿದ್ದ ತೊಳೆಯನ್ನು ಕೆಳಗಿಟ್ಟರು. ಹಾಗಾದರೆ ನಾನು ತಿನ್ನಲೋ ಬೇಡವೋ ಎಂದು ಕೇಳಿದರು.

"ತಿನ್ರಿ ತಿನ್ರಿ. ವಾರದಿಂದ ಎಲ್ಲಾ ಹಣ್ಣು ನಾನ ತಿನ್ನಾಕತ್ತೇನಿ, ನನಗೇನೂ ಆಗಿಲ್ಲ," ಅಂದರು ಅತ್ತೆ.

ಅಂದವರು ತಟ್ಟೆ ಅಲ್ಲೇ ಬಿಟ್ಟು ಎದ್ದರು.

ನಮ್ಮ ಅತ್ತೆ ಮಾತಿನ ನಡುವೆ ಏಳುವವರಲ್ಲ. ಅವರು ನೇರ ಅಡುಗೆಮನೆಗೆ ಬಂದರು. ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟರು. ಸುಟ್ಟುಕೊಂಡವರಂತೆ ತೆಗೆದರು.

"ಸಂತ್ರಾ ತಿಂದಾಕಿ ನಾನು. ನೀ ಬರೇ ಸಿಪ್ಪಿ ತುರದಾಕಿ. ನಿನಗ್ಯಾಕ ಗಂಟಲ ಬ್ಯಾನಿ ಬಂತು?"

ನನಗೆ ಉತ್ತರ ಗೊತ್ತಿತ್ತು. ಬಾಗಿಲಾಚೆ ಚಪ್ಪಲಿ ಮೆಟ್ಟುವಾಗ ಕಿವಿಗೆ ಬಿದ್ದದ್ದು ಅಷ್ಟೂ ಒಮ್ಮೆಲೇ ನೆನಪಾಯಿತು. ಆದರೂ ಬಾಯಿಂದ ಬಂದದ್ದು, ಇದೊಂದು ಸುತ್ತಿಬಿಡುತ್ತೇನೆ, ಬಿಸಿ ಆರಿಹೋಗುತ್ತದೆ, ಎಂಬ ಮಾತು. ಏಸ್ತರ್‌ಬಾಯಿ ಬಾಗಿಲಲ್ಲಿ ನಿಂತಿದ್ದರು. "ಅಗಂ, ಕೇಕ್ ರಾಹೂ ದೇ, ತೂ ಆಧೀ ಜಾ," ಅಂದರು. ಕೇಕು ಇರಲಿ, ನೀನು ಮೊದಲು ಹೊರಡು ಎಂದು. ಅತ್ತೆ ಬಸವರಾಜನಿಗೆ ಫೋನ್ ಮಾಡಿದರು. ಅವನು ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಓಡಿ ಬಂದ. ಮುಖ ನೋಡಿದರೆ ಅವನಿಗೂ ಪಾಠ ನೆನಪಾಗಿತ್ತು.

ಲ್ಯಾಬಿನವರು ರಕ್ತವನ್ನು ಎರಡು ಸಲ ನೋಡಿದರು. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣಗಳು ಸಾವಿರಗಳಲ್ಲಿ ಇರಬೇಕು. ನನ್ನಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಕೊಲ್ಹಾಪುರಕ್ಕೆ ಫೋನ್ ಮಾಡಿದಾಗ ಡಾಕ್ಟರಮ್ಮ ಹೇಳಿದ್ದು ಇಷ್ಟೇ, ಹೊರಡಿ, ಎಲ್ಲೂ ನಿಲ್ಲಬೇಡಿ. ಆದರೆ ಕಬ್ಬಿನ ಹಂಗಾಮು. ನಿಪ್ಪಾಣಿಯವರೆಗೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಜೋಡಿ ಟ್ರಾಲಿ ಎಳೆದುಕೊಂಡು ಮುಂದೆ ಮುಂದೆ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೇಕನ್ನು ನೆನೆಸಿ ಸಿಟ್ಟಾದೆ, ಟ್ರಾಲಿಗಳನ್ನು ನೋಡಿ ಸಿಟ್ಟಾದೆ. ಹೆದರಿಕೆಯಾಗಿದೆ ಎಂದು ಹೇಳುವುದಕ್ಕಿಂತ ಸಿಟ್ಟಾಗುವುದು ಸುಲಭ.

ಕೊಲ್ಹಾಪುರದ ಆಸ್ಪತ್ರೆ, ಐಸೋಲೇಶನ್ ರೂಮು. ಸಲೈನಿನಲ್ಲಿ ಆಂಟಿಬಯೋಟಿಕ್. ಕಣಗಳನ್ನು ಏರಿಸುವ ಇಂಜೆಕ್ಷನ್. ಹಸಿ ಹಣ್ಣು ಬೇಡ, ಹೂವು ಬೇಡ, ಜನ ಬೇಡ. ಇಚಲಕರಂಜಿಯಿಂದ ನನ್ನ ಅಣ್ಣ ಬಂದ. ಆಸ್ಪತ್ರೆಗೆ ಬರಿಗೈಯಲ್ಲಿ ಬರಬಾರದಲ್ಲ, ಒಂದು ಚೀಲ ಸಂತ್ರಾ ತಂದಿದ್ದ. ಸಿಸ್ಟರು ಚೀಲವನ್ನೂ ಅಣ್ಣನನ್ನೂ ಹೊರಗೇ ನಿಲ್ಲಿಸಿದರು. ಗಾಜಿನಾಚೆ ಅವನು ಚೀಲ ಎತ್ತಿ ತೋರಿಸಿದ. ನನಗೆ ನಗು ಬಂತು, ನಗಲು ಗಂಟಲು ಇರಲಿಲ್ಲ.

ಗ್ರಂಥಿಯ ಗುಳಿಗೆ ನಿಲ್ಲಿಸಿದ್ದರಿಂದ ಗ್ರಂಥಿಗೆ ಹೇಳುವವರು ಕೇಳುವವರು ಇರಲಿಲ್ಲ. ಎದೆಬಡಿತದ ಗುಳಿಗೆಯೊಂದೇ ಅಡ್ಡ ನಿಂತಿತ್ತು. ಮೈಯೆಲ್ಲ ಏಳು, ನಡೆ, ಏನಾದರೂ ಮಾಡು ಅನ್ನುತ್ತಿತ್ತು. ಕೈಗೆ ಸಲೈನ್ ಚುಚ್ಚಿದ್ದರು. ಹೊದಿಕೆಯ ಅಂಚನ್ನು ಮಡಚಿದೆ, ಬಿಚ್ಚಿದೆ, ಮಡಚಿದೆ. ದಿನಾ ಬೆಳಿಗ್ಗೆ ರಕ್ತ ತೆಗೆಯುತ್ತಿದ್ದರು, ದಿನಾ ಅದೇ ಉತ್ತರ, ಇನ್ನೂ ಏರಿಲ್ಲ. ನಾನು ಸಾಯುತ್ತೇನೆ ಅನಿಸಿತು. ಇಷ್ಟು ಓಡಾಡಿದವಳು ಸುಮ್ಮನೆ ಮಲಗಿ ಸಾಯಬೇಕಲ್ಲ ಎಂದು ಅಳು ಬಂತು. ಮಾಸ್ಕ್ ಹಾಕಿಕೊಂಡು ಬಸವರಾಜ ಮೂಲೆಯಲ್ಲಿ ಕುಳಿತಿರುತ್ತಿದ್ದ. "ನನ್ನ ಬಾಯಿಂದನ ಹೇಳಸಿದ್ರು ಸುವರ್ಣಾ. ನಾನ ಹೇಳಿ ನಾನ ಮರತೆ," ಅಂದ ಒಂದು ದಿನ. ನಾನು ಕೈ ಚಾಚಿದೆ. ಹಿಡಿಯಬಹುದೋ ಇಲ್ಲವೋ ಎಂದು ಅವನು ಸಿಸ್ಟರ ಮುಖ ನೋಡಿದ.

ಇದನ್ನು ಬರೆಯುವಾಗ ಸಂಕ್ರಾಂತಿ ಕಳೆದಿದೆ. ಆ ಗುಳಿಗೆ ನನಗೆ ಇನ್ನು ಜನ್ಮದಲ್ಲಿ ಇಲ್ಲ. ಮುಂದಿನ ತಿಂಗಳು ಪುಣೆಯಲ್ಲಿ ವಿಕಿರಣದ ಅಯೋಡಿನ್ ಕುಡಿಸುವ ಚಿಕಿತ್ಸೆ. ಅದರಿಂದ ಗ್ರಂಥಿ ಸೋಲುತ್ತದೆ, ಆಮೇಲೆ ಇನ್ನೊಂದು ಗುಳಿಗೆ ಕೊನೆಯವರೆಗೆ. ಕೈ ಈಗಲೂ ಸ್ವಲ್ಪ ನಡುಗುತ್ತದೆ. ಗ್ರಂಥಿ ಸುಮ್ಮನಾದ ಮೇಲೆ ಉಳಿಯುವ ಸುವರ್ಣಾ ಎಂಥವಳು, ಚುರುಕೋ ಮಂದವೋ, ನನಗೆ ಗೊತ್ತಿಲ್ಲ. ಏಸ್ತರ್‌ಬಾಯಿ ಸುತ್ತದೆ ಉಳಿದಿದ್ದ ಕೇಕುಗಳನ್ನು ಹಾಗೇ ಒಯ್ದು, ಚೌಕ ಕತ್ತರಿಸಿ, ಮೇಲೆ ಕ್ರೀಮ್ ಹಾಕಿ ಹಂಚಿದರಂತೆ. ಚರ್ಚಿನಲ್ಲಿ ನನ್ನ ಹೆಸರಲ್ಲಿ ಪ್ರಾರ್ಥನೆ ಮಾಡಿದರಂತೆ. ಅತ್ತೆ ಮನೆಯಲ್ಲಿ ಲಿಂಗಪೂಜೆಗೆ ಕೂತವರು ಬೇಗ ಏಳುತ್ತಿರಲಿಲ್ಲವಂತೆ. ಯಾವುದು ಎಷ್ಟು ಕೆಲಸ ಮಾಡಿತೋ, ಎಲ್ಲಕ್ಕೂ ನಾನು ಋಣಿ.

ಬಿಳಿ ಕಣಗಳ ಕೌಂಟ್ ಏರಿದ ಬೆಳಿಗ್ಗೆಯನ್ನು ಹೇಳಿ ಮುಗಿಸುತ್ತೇನೆ. ಡಾಕ್ಟರಮ್ಮ ತಾವೇ ಬಂದು, ಸ್ವಲ್ಪವೇ ಏರಿದೆ, ಆದರೆ ಏರಿದೆ ಅಂದರು. ಬಸವರಾಜ ಮನೆಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದ. ಅತ್ತೆ ಅಂದರು, "ಸುವರ್ಣಾ, ಇನ್ನ ಮ್ಯಾಲ ನಿನ್ನ ಮೈಗೆ ಏನರ ಆದ್ರ ನನ್ನ ಕೇಳಬ್ಯಾಡ. ನಾ ಏನರ ಹೇಳಿದ್ರೂ ಕೇಳಬ್ಯಾಡ. ದವಾಖಾನಿಗೆ ಹೊಂಟಬಿಡು."

ಆ ಮನೆಯಲ್ಲಿ ಸಾರಿಗೆ ಉಪ್ಪನ್ನೂ ನಾನು ಅವರನ್ನು ಕೇಳಿಯೇ ಹಾಕಿದವಳು. ಹೂಂ ಅಂದೆ. ಅವರು ಫೋನ್ ಇಡಲಿಲ್ಲ.

"ಮನಿಗೆ ಬರತೀಯಲ್ಲಾ?"

"ಬರತೇನ್ರಿ ಅತ್ತಿ," ಅಂದೆ. ಆಸ್ಪತ್ರೆ ಸೇರಿದ ಮೇಲೆ ಇದೇ ಮಾತನ್ನು ಫೋನಿನಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೆ. ಅವತ್ತು ಮೊದಲ ಸಲ ನಾನೂ ಅದನ್ನು ನಂಬಿದೆ.